ಪುಟ್ಟತಾಯಿಗೆ ಎಷ್ಟು ಅಂಕ

“ಇವಳಿಗೆ ಮೂರೇ ಕಣ್ರೀ,” ಎಂದು ಇಂದುಧರ ಅವರು ಬರೆದೇಬಿಟ್ಟರು. “ಹತ್ತಕ್ಕೆ ಮೂರು. ಅದ್ರಲ್ಲೂ ಒಂದು, ನಮ್ಮ ಕಡೆ ವೇಷ ಹಾಕವ್ಳಲ್ಲ ಅನ್ನೋ ಅಭಿಮಾನಕ್ಕೆ.”

ಅವರು ಮೂರು ಕೊಟ್ಟದ್ದು ಹಿತಾ ಎಂಬ ನಟಿಗೆ. ‘ದಿಕ್ಕೆಂಟು’ ಧಾರಾವಾಹಿಯಲ್ಲಿ ಅವಳದು ಪುಟ್ಟತಾಯಿಯ ಪಾತ್ರ. ಅಂಕ ಕೊಡಲು ಕೂತಿದ್ದವರು ನಾವು ಮೂವರು. ಅರಸೀಕೆರೆಯ ಇಂದುಧರ ಅವರ ನಡುಮನೆಯಲ್ಲಿ, ಅವರ ದೊಡ್ಡ ಟೀವಿಯ ಮುಂದೆ, ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆವು.

ಧಾರಾವಾಹಿಯ ಕತೆ ಇಷ್ಟು. ಒಂದು ಗ್ರಹಣದ ದಿನ ನಮ್ಮ ಸೀಮೆಯ ಎಂಟು ಜನ ಸಾಮಾನ್ಯರಿಗೆ, ದಿಕ್ಕಿಗೊಬ್ಬರಂತೆ, ಲೋಕದಲ್ಲಿಲ್ಲದ ಶಕ್ತಿ ಬರುತ್ತದೆ. ಒಬ್ಬ ಹಾರುತ್ತಾನೆ. ಒಬ್ಬಳ ಅಂಗೈಯಲ್ಲಿ ಬೆಂಕಿ ಹುಟ್ಟುತ್ತದೆ. ಇನ್ನೊಬ್ಬ ಮುಟ್ಟಿದ ನೀರು ಮಂಜುಗಡ್ಡೆಯಾಗುತ್ತದೆ. ಕೊಬ್ಬರಿ ಶೆಡ್ಡಿನಲ್ಲಿ ಕಾಯಿ ಒಡೆಯುವ ಪುಟ್ಟತಾಯಿಗೆ ಹತ್ತು ಮೈಲಿಯಾಚೆಯ ಸದ್ದು ಕೇಳುತ್ತದೆ. ಚಿತ್ರೀಕರಣವೆಲ್ಲ ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲೇ ನಡೆದದ್ದರಿಂದ ಇಲ್ಲಿ ಸ್ಮಾರ್ಟ್‌ಫೋನಿದ್ದವರೆಲ್ಲ ಅದನ್ನು ನೋಡಿದ್ದರು.

ಎರಡನೆಯ ಭಾಗಕ್ಕೆ ಏಳೇ ಜನ ಸಾಕೆಂದು ವಾಹಿನಿಯವರು ತೀರ್ಮಾನಿಸಿದ್ದರು. ಯಾರನ್ನು ಬಿಡಬೇಕೆಂದು ತಿಳಿಯಲು ಮೈಸೂರು, ಹುಬ್ಬಳ್ಳಿ, ಅರಸೀಕೆರೆಗಳಲ್ಲಿ ತಲಾ ಮೂವರು ಪ್ರೇಕ್ಷಕರನ್ನು ಕೂರಿಸಿ ಎಂಟೂ ಜನರ ನಟನೆಗೆ ಅಂಕ ಕೇಳಿದ್ದರು. ಎಲ್ಲರಿಗಿಂತ ಕಡಿಮೆ ಬಂದವರ ಪಾತ್ರ ಮುಂದಿನ ಭಾಗದ ಮೊದಲ ಕಂತಿನಲ್ಲೇ ಸಾಯುತ್ತದೆ. ಉಳಿದೆರಡು ಊರಿನವರು ಆಗಲೇ ಅಂಕ ಕೊಟ್ಟು ಮುಗಿಸಿದ್ದರು. ಆ ಪಟ್ಟಿಯನ್ನು ನಮಗೆ ಕಳಿಸಬಾರದಿತ್ತೋ ಏನೋ, ಲಕೋಟೆಯಲ್ಲಿ ಸೇರಿಕೊಂಡು ಬಂದಿತ್ತು. ಅದರಲ್ಲಿ ಹಿತಾ ಕೊನೆಯವಳು. ಅವಳಿಗಿಂತ ಒಂದು ಕೂದಲೆಳೆ ಮೇಲಿದ್ದವನು ಮಂಜುಗಡ್ಡೆಯ ಹುಡುಗ.

ರಘುರಾಮ್ ಅವರು ಕೂಡಿ ಭಾಗಿಸಿ ಹೇಳಿದರು. “ನಮ್ಮಿಂದ ಸರಾಸರಿ ಎಂಟಾದ್ರೂ ಬರಬೇಕು. ಇಲ್ಲದಿದ್ರೆ ಈ ಹುಡುಗಿ ಹೊರಗೆ.” ಹಾಗೆ ಹೇಳಿದ ಅವರೇ ಅವಳಿಗೆ ಆರು ಕೊಟ್ಟಿದ್ದರು.

ರಘುರಾಮ್ ಅವರು ನಿವೃತ್ತ ಸ್ಟೇಷನ್ ಮಾಸ್ಟರು. ಊರಿನ ಯಾವ ನಾಟಕವನ್ನೂ ಬಿಟ್ಟವರಲ್ಲ. ಪ್ರತಿಯೊಂದೂ ಎಷ್ಟು ನಿಮಿಷ ತಡವಾಗಿ ಶುರುವಾಯಿತೆಂದು ಡೈರಿಯಲ್ಲಿ ಬರೆದಿಟ್ಟವರು. ಇಂದುಧರ ಅವರದು ಮೂರು ತಲೆಮಾರಿನ ಕೊಬ್ಬರಿ ಮಂಡಿ, ಮನೆಯ ಹಿಂದೆಯೇ ಕಾಯಿ ಒಡೆಯುವ ಶೆಡ್ಡು. ಊರಿನ ಹವ್ಯಾಸಿ ತಂಡದಲ್ಲಿ ನಲವತ್ತು ವರ್ಷ ರಾಜನ ಪಾತ್ರವನ್ನೇ ಮಾಡಿದವರು. ಮೈಕಿಲ್ಲದೆ ಕೊನೆಯ ಸಾಲಿಗೆ ದನಿ ಮುಟ್ಟಿಸುತ್ತಿದ್ದರು. ಈಗಲೂ ಅವರು ಒಳಗೆ ಕಾಫಿ ಕೇಳಿದರೆ ಬೀದಿಯ ಹಮಾಲರಿಗೆ ಗೊತ್ತಾಗುತ್ತದೆ. ನಾನು ರಂಗನಾಯಕಿ. ಇಲ್ಲಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ, ವರ್ಷಕ್ಕೊಂದು ನಾಟಕ ಆಡಿಸಿದವಳು.

ನನ್ನ ಹಾಳೆಯಲ್ಲಿ ಹಿತಾಳ ಅಂಕಣ ಖಾಲಿಯಿತ್ತು. ವಾಹಿನಿಯವರ ನಾಲ್ಕನೆಯ ನಿಯಮದ ಪ್ರಕಾರ, ತೀರ್ಪುಗಾರರಿಗೆ ನಟರ ಪರಿಚಯವಿದ್ದರೆ ಅವರಿಗೆ ಅಂಕ ಕೊಡುವಂತಿಲ್ಲ, ಅವರ ಬಗ್ಗೆ ಬಾಯಿ ಬಿಡುವಂತೆಯೂ ಇಲ್ಲ. ಮೊದಲ ದಿನವೇ ನಾನು, ಈ ಹುಡುಗಿ ನನ್ನ ವಿದ್ಯಾರ್ಥಿನಿ ಎಂದು ಇಬ್ಬರಿಗೂ ಹೇಳಿದ್ದೆ. ಅದಷ್ಟೇ ಹೇಳಿದ್ದು. ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ರಘುರಾಮ್ ಅವರ ಅಂಗೈ ಮೇಲೆದ್ದಿತ್ತು. “ರೂಲ್ ನಾಲ್ಕು, ಮೇಡಂ.” ಹೊರಡಬೇಕಿದ್ದ ರೈಲೂ ಆ ಕೈಗೆ ನಿಲ್ಲುತ್ತಿತ್ತು, ನಾನು ಯಾವ ಲೆಕ್ಕ.

ಬಾಯಿ ಬಿಡುವಂತಿದ್ದರೆ ನಾನು ಹೇಳುತ್ತಿದ್ದುದು ಇದು. ಹಿತಾ ಬೇಲೂರಿನವಳು. ತಂದೆ ಪಾರ್ಥಸಾರಥಿ ಅಲ್ಲಿನ ದೇವಸ್ಥಾನದಲ್ಲಿ ಗೈಡು. ಒಮ್ಮೆ ಕಾಲೇಜಿನಿಂದ ಪ್ರವಾಸ ಹೋದಾಗ, ನಡುಮಧ್ಯಾಹ್ನ ಅಂಗಳದ ಕಲ್ಲು ಕಾದಿತ್ತು. ಆತ ನಮ್ಮನ್ನು ನೆರಳಿನಿಂದ ನೆರಳಿಗೆ ನಡೆಸಿಕೊಂಡು ಹೋಗಿ, ನೆರಳಿದ್ದ ಕಡೆಯ ಶಿಲ್ಪದ ಕತೆಯನ್ನು ಮೊದಲು ಹೇಳಿ, ಬಿಸಿಲಿನ ಕಡೆಯದನ್ನು ದೂರದಿಂದಲೇ ತೋರಿಸಿದ್ದರು. ನಮ್ಮ ಅಂಗಾಲು ಸುಡದಿರಲೆಂದು ಹೊಯ್ಸಳರ ಕಾಲವನ್ನೇ ಹಿಂದುಮುಂದು ಮಾಡಿದರು ಎಂದು ನಾವು ನಕ್ಕಿದ್ದೆವು. ಅವರ ಮಗಳು ಅರಸೀಕೆರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಮ್ಮಲ್ಲಿ ಬಿ.ಎ. ಓದಿದಳು. ನನ್ನ ಕೊನೆಯ ವರ್ಷದ ನಾಟಕದಲ್ಲಿ ಅವಳನ್ನು ರಾಣಿ ಮಾಡಿದ್ದೆ. ಮಾತು ಸ್ಫಟಿಕ. ಆದರೆ ಗಂಡ ಸತ್ತ ಸುದ್ದಿ ಬಂದಾಗ ಆ ರಾಣಿ ಎಡಗೈ ಚಾಚಿ, ಕತ್ತು ಎತ್ತಿ, ಮೂಲೆಯ ಶಿಲಾಬಾಲಿಕೆಯನ್ನು ತೋರಿಸುವವಳಂತೆ ಅತ್ತಳು. ಹಿಂದಿನ ಸಾಲಿನ ಹುಡುಗರು “ಎಡಗಡೆ ನೋಡ್ರಪ್ಪೋ” ಎಂದು ಕೂಗಿದರು. ಪರದೆ ಬಿದ್ದ ಮೇಲೆ ಅಳುತ್ತ ಬಂದವಳಿಗೆ ನಾನು ಹೇಳಿದ್ದು ನೆನಪಿದೆ: “ನೀನು ತೋರಿಸ್ತಾ ಇದ್ದೀಯ ಕಣೇ ಹಿತಾ. ಮೊದಲು ನೀನು ನೋಡು.”

ಅಂಥವಳು ಈಗ ಹಾರನಹಳ್ಳಿ ಕಡೆಯ ಮಾತಾಡುತ್ತ, ಮೊಣಕಾಲ ಮೇಲೆ ಸೀರೆ ಸಿಕ್ಕಿಸಿ ಕಾಯಿಯ ರಾಶಿಯ ಮುಂದೆ ಕೂತಿದ್ದಳು. ಮನೆಯಲ್ಲಿ ಒಬ್ಬಳೇ ನೋಡುವಾಗ ನನ್ನ ಎದೆ ಉಬ್ಬಿತ್ತು. ಆದರೆ ಒಂದು ವಿಷಯ ನನಗೂ ಹಿಡಿಸಿರಲಿಲ್ಲ. ಯಾರು ಮಾತಾಡಿಸಿದರೂ ಅವಳು ಮುಖದ ಎಡಭಾಗವನ್ನೇ ಮುಂದೆ ಮಾಡುತ್ತಿದ್ದಳು. ಎಡಗಡೆಯಿಂದ ಚೆಂದ ಕಾಣುತ್ತೇನೆಂದು ಯಾರೋ ತಲೆಗೆ ತುಂಬಿರಬೇಕು, ಪಾಪ, ಎಲ್ಲ ನಟಿಯರ ಹಾಗೆ ಇವಳೂ ಕನ್ನಡಿಗೆ ಸೋತಳು ಅಂದುಕೊಂಡಿದ್ದೆ.

“ಆರಕ್ಕೂ ಮೂರಕ್ಕೂ ಬಹಳ ದೂರ ಇದೆ,” ಎಂದರು ರಘುರಾಮ್. “ಯಾಕೆ ಮೂರು, ಕಾರಣ ಹೇಳಿ.”

“ಕಾರಣ ಏನ್ ಬಂತು ಸಾರ್. ಅವಳು ಆ್ಯಕ್ಟಿಂಗೇ ಮಾಡಿಲ್ಲ. ಕಾಯಿ ಒಡೆಯೋ ಮನೆ ಹುಡುಗಿನ ಕರ್ಕೊಂಡ್ ಬಂದು ಕಾಯಿ ಮುಂದೆ ಕೂರಿಸವ್ರೆ. ಅವ್ಳು ಒಡೀತಾಳೆ. ಅದು ಆ್ಯಕ್ಟಿಂಗಾ?”

“ಮೇಡಂ ವಿದ್ಯಾರ್ಥಿನಿ ಅಂದ್ರಲ್ಲ, ಬಿ.ಎ. ಓದಿದ ಹುಡುಗಿ.”

“ಓದಿದ್ರೇನಂತೆ? ನಮ್ಮ ಶೆಡ್ಡಿನ ಗಂಗಯ್ಯನ ಮಗಳು ಎಂ.ಕಾಂ ಮಾಡವ್ಳೆ. ರಜಾದಲ್ಲಿ ಬಂದು ಅವರವ್ವನ ಜೊತೆ ಕಾಯಿ ಒಡೀತಾಳೆ. ರಕ್ತದಲ್ಲಿ ಬಂದಿದ್ದು ಎಲ್ಲೋಗ್ತದೆ?”

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ರಘುರಾಮ್ ಅವರು ನನ್ನ ಕಡೆ ನೋಡಿ ಅಂಗೈಯನ್ನು ಅರ್ಧ ಎತ್ತಿದರು. ನಾನಿನ್ನೂ ಉಸಿರೂ ಬಿಟ್ಟಿರಲಿಲ್ಲ.

“ಇದ್ದಹಾಗೇ ಮಾಡಿದ್ದಾಳೆ ಅಂದ್ರೆ ಚೆನ್ನಾಗಿ ಮಾಡಿದ್ದಾಳೆ ಅಂತ ಅಲ್ವೇನ್ರೀ?” ಎಂದರು ಅವರು.

“ಹೆಂಗಾಯ್ತದೆ? ನಾನು ಮೂವತ್ತೈದು ವರ್ಷದಿಂದ ಮಂಡೀಲಿ ಕೂತಿವ್ನಿ. ಇದ್ದಹಾಗೇ ಕೂತಿವ್ನಿ. ಯಾವೋನಾದ್ರೂ ಬಂದು ಹಾರ ಹಾಕಿದ್ನಾ?”

ರಘುರಾಮ್ ಅವರಿಗೆ ನಗು ಬಂತು. ಇಂದುಧರ ಅವರಿಗೆ ಅದೇ ಹುಮ್ಮಸ್ಸು. “ಅದೂ ಹೋಗ್ಲಿ ಬಿಡಿ. ಏಳನೇ ಕಂತು ನೋಡಿದ್ರಲ್ಲ, ಹಳೇಬೀಡು ಕೆರೆ ಏರಿ ಮೇಲೆ ಎಂಟೂ ಜನ ಸಾಲಾಗಿ ನಿಂತವ್ರೆ, ಎದುರುಗಡೆ ರಾಕ್ಷಸರ ದಂಡು. ಎಲ್ರೂ ಎದೆ ಕೊಟ್ಟು ನಿಂತಿದ್ರೆ ಇವ್ಳು ಹೋಗಿ ಮೂಲೆ ಹಿಡಿದವ್ಳೆ. ಯಾವಾಗ್ಲೂ ಮೂಲೆ! ಆಮೇಲೆ ಆ ಹಾರೋ ಹುಡುಗ, ಏನವನ ಹೆಸರು...”

“ವೇದಾಂತ್.”

“ಹಾಂ, ಅವ್ನು ಬಂದು ಕಿವೀಲಿ ಗುಟ್ಟು ಹೇಳ್ತಾನೆ. ‘ನಮ್ಮೊಳಗೊಬ್ಬ ದ್ರೋಹಿ ಇದ್ದಾನೆ’ ಅಂತಾನೆ. ಎಂಥಾ ಮಾತು! ನಾನಾಗಿದ್ರೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ಕೈ ಹಿಂಗೆ ಎದೆ ಮೇಲೆ ಹಾಕಿ, ‘ದ್ರೋಹಿ!’ ಅಂತಿದ್ದೆ.” ಅವರು ಎದ್ದು ನಿಂತು ಹಾಗೇ ಅಂದು ತೋರಿಸಿದರು. ಅಡುಗೆಮನೆಯಲ್ಲಿ ಯಾರದೋ ಕೈಯಿಂದ ಸೌಟು ಬಿತ್ತು. “ಇವ್ಳು? ಕಂಬ. ಕಲ್ಲುಕಂಬ. ರೆಪ್ಪೆನೂ ಆಡಿಸಿಲ್ಲ.”

ನಿಜ ಹೇಳಬೇಕೆಂದರೆ, ಆ ದೃಶ್ಯ ನನಗೂ ಚುಚ್ಚಿತ್ತು.

“ಕೆಲಸ ಚೆನ್ನಾಗಿ ಮಾಡ್ತಾಳೆ, ಆ್ಯಕ್ಟಿಂಗ್ ಬರಲ್ಲ,” ಎಂದು ಇಂದುಧರ ಅವರು ತೀರ್ಪು ಕೊಟ್ಟರು. “ಬೇಕಾದ್ರೆ ಪರೀಕ್ಷೆ ಮಾಡೋಣ. ನಮ್ಮ ಶೆಡ್ಡಿಂದ ಒಬ್ಬರನ್ನ ಕರೀತೀನಿ. ಟೀವಿ ಪಕ್ಕ ನಿಲ್ಲಿಸ್ತೀನಿ. ಇವ್ಳಿಗೂ ಅವ್ರಿಗೂ ಒಂದೇ ಒಂದು ವ್ಯತ್ಯಾಸ ತೋರ್ಸಿ ಸಾರ್, ಇಡೀ ಹತ್ತು ಕೊಡ್ತೀನಿ.” ಕಿಟಕಿಯ ಕಡೆ ತಿರುಗಿ ರಾಜನ ದನಿಯಲ್ಲಿ ಕರೆದರು. “ರುದ್ರಮ್ಮಾ! ಅಟ್ಟದ ಕಾಯಿ ನಾಕು ತಗೊಂಡ್ ಬಾರಮ್ಮ ಇಲ್ಲಿ!”

ರುದ್ರಮ್ಮನಿಗೆ ಅರವತ್ತರ ಹತ್ತಿರ. ಹಾರನಹಳ್ಳಿಯಿಂದ ಬೆಳಗಿನ ಟೆಂಪೋದಲ್ಲಿ ಬಂದು ಸಂಜೆ ಹೋಗುವ ಹೆಂಗಸು. ಮಡಿಲಲ್ಲಿ ನಾಲ್ಕು ಕಾಯಿ ಕಟ್ಟಿಕೊಂಡು ಬಂದಳು. ಬಾಗಿಲಲ್ಲಿ ನನ್ನ ಚಪ್ಪಲಿ ಬಿಸಿಲಿಗೆ ಬಿದ್ದದ್ದನ್ನು ಕಂಡು ಕಾಲಲ್ಲೇ ಮೆಲ್ಲಗೆ ನೆರಳಿಗೆ ಸರಿಸಿ ಒಳಗೆ ಬಂದಳು. ಹಾಗೆ ಮಾಡಿದ್ದು ಅವಳಿಗೇ ಗೊತ್ತಿತ್ತೋ ಇಲ್ಲವೋ.

ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಒಡೆಯುವ ಮುಂಚೆ ಅಲ್ಲಾಡಿಸಿ ಕೇಳುತ್ತಾರೆ. ನೀರಿನ ಸದ್ದು ಬಂದರೆ ಅದು ವಾಪಸ್ ಅಟ್ಟಕ್ಕೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಟಲೊಟ ಎಂದರೆ ಒಡೆಯಬಹುದು. ಟೀವಿಯಲ್ಲಿ ಪುಟ್ಟತಾಯಿ ಮಾಡುವುದೂ ಅದನ್ನೇ. ಗ್ರಹಣ ಬಿಟ್ಟ ಮೇಲೆ ಅವಳು ಕಾಯಿಯೊಂದನ್ನು ಕಿವಿಗೆ ಹಿಡಿದಾಗ ಕಾಯಿಯ ಸದ್ದಿನ ಬದಲು ಬಾಣಾವರದ ಆಚೆ ಬರುತ್ತಿರುವ ರೈಲಿನ ಸದ್ದು ಕೇಳಿಸುತ್ತದೆ. ಇಂದುಧರ ಅವರು ರಿಮೋಟು ಒತ್ತಿ ಅದೇ ಕ್ಷಣಕ್ಕೆ ಚಿತ್ರವನ್ನು ನಿಲ್ಲಿಸಿದರು.

“ರುದ್ರಮ್ಮ, ಇದು ಒಣಗೈತಾ ನೋಡು.”

ರುದ್ರಮ್ಮ ಟೀವಿಗೆ ಬೆನ್ನು ಮಾಡಿ ನಿಂತಿದ್ದಳು. ಬಲಗೈಯಲ್ಲಿ ಕಾಯಿ ತೆಗೆದುಕೊಂಡು, ಮುಖದ ಮುಂದಿನಿಂದ ಕೈಯನ್ನು ಅಡ್ಡ ಒಯ್ದು, ಎಡಗಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು. ಕಣ್ಣು ನೆಲದಲ್ಲಿತ್ತು. ಬಾಯಿ ಒಂದಿಷ್ಟೇ ತೆರೆದಿತ್ತು.

ಅವಳ ಹಿಂದೆ ಪರದೆಯ ಮೇಲೆ ಪುಟ್ಟತಾಯಿ, ಬಲಗೈಯಲ್ಲಿ ಕಾಯಿ, ಮುಖಕ್ಕೆ ಅಡ್ಡ ಬಂದ ತೋಳು, ಎಡಗಿವಿ, ನೆಲ ನೋಡುವ ಕಣ್ಣು, ಒಂದಿಷ್ಟೇ ತೆರೆದ ಬಾಯಿ.

“ನೋಡಿದ್ರಾ!” ಇಂದುಧರ ಅವರು ತೊಡೆ ತಟ್ಟಿದರು. “ಹುಬ್ಬಿನ ಕೂದಲೂ ಬೇರೆ ಇಲ್ಲ. ನಾನು ಹೇಳ್ಲಿಲ್ವಾ? ಒಂದೇ ಕಸುಬು, ಒಂದೇ ಕೈ.”

ರಘುರಾಮ್ ಅವರು ಎದ್ದು ಕನ್ನಡಕ ಸರಿಮಾಡಿಕೊಂಡು ಹಿತ್ತಲ ಕಿಟಕಿಗೆ ಹೋದರು. ಶೆಡ್ಡಿನಲ್ಲಿ ಇನ್ನೂ ನಾಲ್ವರು ಹೆಂಗಸರು ಕೂತಿದ್ದರು. ರಘುರಾಮ್ ಅವರನ್ನೇ ತುಂಬ ಹೊತ್ತು ನೋಡಿದರು. ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ನೋಡಿದ ಕಣ್ಣು ಅದು, ಎರಡು ಸಲ ನೋಡದೆ ನಂಬುವುದಿಲ್ಲ.

“ಇಂದುಧರ, ಇಲ್ಲಿ ಬನ್ನಿ. ಆ ನಾಲ್ಕೂ ಜನ ಬಲಗೈಲಿ ಹಿಡಿದು ಬಲಗಿವಿಗೇ ಇಡ್ತಿದ್ದಾರಲ್ಲ?”

“ಮತ್ತೆ? ಹತ್ತಿರ ಇರೋ ಕಿವಿಗಲ್ವೇ ಇಡೋದು.”

“ರುದ್ರಮ್ಮ ಯಾಕೆ ಕೈ ಅಡ್ಡ ತಗೊಂಡು ಹೋಗಿ ಎಡಗಿವಿಗೆ ಇಟ್ಲು?”

ಇಂದುಧರ ಅವರಿಗೆ ಮೂವತ್ತು ವರ್ಷ ಕಣ್ಣೆದುರಿಗಿದ್ದದ್ದು ಮೊದಲ ಸಲ ಕಂಡಿತು. “ಯಾಕಮ್ಮ ರುದ್ರಮ್ಮ?”

“ಈ ಕಡೆದು ಕೇಳಕ್ಕಿಲ್ಲ ಕಣ್ ಯಜಮಾನ್ರೆ,” ಎಂದು ರುದ್ರಮ್ಮ ಬಲಗಿವಿ ಮುಟ್ಟಿಕೊಂಡಳು. “ಸಣ್ಣೋಳಿದ್ದಾಗ ಕಿವಿ ಸೋರ್ತಿತ್ತು. ಆವಾಗ್ಲೇ ಹೋಯ್ತು.”

“ನನಗೆ ಹೇಳೇ ಇಲ್ವಲ್ಲ ನೀನು!”

“ನೀವು ಕೇಳ್ನಿಲ್ಲ. ಅದೂ ಅಲ್ದೆ ನಿಮ್ ದನಿ ಸತ್ತೋರ್ಗೂ ಕೇಳ್ತದೆ. ಒಂದ್ ಕಿವಿ ಹೆಚ್ಚೇ ಆಯ್ತದೆ.”

ರಘುರಾಮ್ ಅವರು ಮತ್ತೆ ಟೀವಿಯ ಕಡೆ ಬೆರಳು ತೋರಿದರು. “ಹಾಗಾದ್ರೆ ಈ ಹುಡುಗಿ ಯಾಕೆ ಎಡಗಿವಿಗೆ ಇಟ್ಲು?”

ರುದ್ರಮ್ಮ ಆಗ ತಿರುಗಿದಳು. ಅವಳ ಮೊಬೈಲು ಗುಂಡಿಯದು. ಧಾರಾವಾಹಿಯನ್ನು ಅವಳು ನೋಡಿಯೇ ಇರಲಿಲ್ಲ. ಪರದೆಗೆ ಹತ್ತಿರ ಹೋಗಿ, ಕಾಯಿಯನ್ನು ಎದೆಗೆ ಅವಚಿಕೊಂಡು ನೋಡಿದಳು.

“ಅಯ್ಯೋ ಶಿವನೇ! ಇದು ಆ ಬೇಲೂರಿನ ಅಮ್ಮಣ್ಣಿ ಅಲ್ವಾ?”

“ಬೇಲೂರಾ?” ಎಂದರು ಇಂದುಧರ.

“ಊ ಕಣ್ ಯಜಮಾನ್ರೆ. ನಿಮ್ಮಲ್ಲಿ ಕಾಯಿ ಇಲ್ದಾಗ ದೇವೀರಪ್ನೋರ ತ್ವಾಟದ ಮನೇಲಿ ಒಡೀತಿದ್ನಲ್ಲ, ಆವಾಗ ಬಂದಿದ್ಲು. ಕೆಲ್ಸ ಕಲೀಬೇಕು ಅಂದ್ಲು. ಓದೋ ಹುಡ್ಗಿ, ಪರೀಕ್ಷೆಗೇನೋ ಬೇಕೇನೋ ಅಂತ ಕೂರಿಸ್ಕೊಂಡೆ. ಹದ್ನೆಂಟು ದಿನ ಕೂತಿದ್ಲು. ಕಾಯಿ ಎಂಗ್ ಹಿಡಿಯೋದು ಅಂತಾನೂ ಗೊತ್ತಿರ್ಲಿಲ್ಲ, ಮಗು ತಲೆ ಹಿಡ್ದಂಗೆ ಎರಡು ಕೈಲಿ ಹಿಡಿಯಾಳು. ಅವ್ರಪ್ಪ ದೇವಸ್ಥಾನದಲ್ಲಿ ಬೊಂಬೆ ತೋರ್ಸೋರಂತೆ. ಮಾತ್ ನೋಡ್ಬೇಕಿತ್ತು, ರೇಡಿಯೋನೇ ಹಚ್ಚಿಟ್ಟಂಗೆ.”

ನಾನು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ನಿಯಮ ಮುರಿಯುತ್ತಿತ್ತು.

ರುದ್ರಮ್ಮ ಹೇಳುತ್ತಲೇ ಇದ್ದಳು. “ಮೊದಲ್ನೇ ದಿನ ನನ್ನ ಬಲಕ್ಕೆ ಕೂತು ಏನೋ ಕೇಳಿದ್ಲಂತೆ, ನಂಗೆ ಗೊತ್ತಾಗ್ನಿಲ್ಲ. ಎರಡ್ನೇ ದಿನದಿಂದ ಬಂದೋಳೇ ಎಡಕ್ಕೆ ಕೂರೋಳು. ಯಾಕೆ ಏನು ಅಂತ ಬಾಯ್ ಬಿಡ್ನಿಲ್ಲ. ಒಂದಿನ ಮೆಲ್ಲಗೆ ಕೇಳಿದ್ಲು, ಒಂದೇ ಕಿವೀಲಿ ಎಂಗ್ ಬದುಕ್ತೀಯವ್ವ ಅಂತ. ಅಂಗಂತ ಯಾರ್ ಕೇಳವ್ರೆ ನನ್ನ? ಎಲ್ಲಾನೂ ಯೋಳ್ದೆ. ಮದುವೆ ಮನೆ ಪಂಕ್ತೀಲಿ ಬಲಗಡೆ ತುದೀಲಿ ಕೂತ್ಕೊಬೇಕು, ಆವಾಗ ಬಡ್ಸೋರು ಕೇಳೋದೂ ಪಕ್ಕದೋರು ಆಡೋದೂ ಎಲ್ಲ ಎಡಗಡೆ ಕಿವಿಗೆ ಬೀಳ್ತದೆ ಅಂತ. ಯಾರಾದ್ರೂ ಬಲಕ್ಕೆ ಬಂದು ಗುಸುಗುಸು ಅಂದ್ರೆ ಸುಮ್ನೆ ನಿಂತ್ಕೊಂಡು, ಆಮೇಲೆ ಅವ್ರ ಮುಖ ನೋಡಿ ತಿಳ್ಕೊಳೋದು ಅಂತ.”

ಇಂದುಧರ ಅವರು ನಿಧಾನವಾಗಿ ರಿಮೋಟು ಕೈಗೆತ್ತಿಕೊಂಡರು.

“ಬಲಗಡೆ ತುದಿ,” ಎಂದರು, ತಮಗೆ ತಾವೇ. ಆಮೇಲೆ, “ಕೂತ್ಕೋ ರುದ್ರಮ್ಮ, ನೀನೂ ನೋಡು.”

ರುದ್ರಮ್ಮ ನೆಲಕ್ಕೆ ಕೂರಲು ಹೋದಳು. ನಾನು ಪಕ್ಕದ ಕುರ್ಚಿ ತೋರಿಸಿದೆ. ಅವಳು ನಮ್ಮೆಲ್ಲರನ್ನೂ ದಾಟಿ ಹೋಗಿ ಬಲತುದಿಯ ಸ್ಟೂಲಿನ ಮೇಲೆ ಕೂತಳು. ಮೂವರೂ ಅದನ್ನು ನೋಡಿದೆವು.

ಏಳನೆಯ ಕಂತು ಮತ್ತೆ ಓಡಿತು. ಹಳೇಬೀಡಿನ ಕೆರೆಯ ಏರಿ. ಎಂಟು ಜನ ಸಾಲಾಗಿ ಬಂದು ನಿಲ್ಲುತ್ತಾರೆ. ಪುಟ್ಟತಾಯಿ ನಡುವೆ ಬಂದವಳು, ಇಬ್ಬರ ಹಿಂದಿನಿಂದ ಸುತ್ತಿ ಹೋಗಿ ತುದಿಯಲ್ಲಿ ನಿಲ್ಲುತ್ತಾಳೆ. ಪರದೆಯಲ್ಲಿ ಅದು ನಮಗೆ ಎಡತುದಿ. ನಮ್ಮ ಕಡೆ ಮುಖ ಮಾಡಿ ನಿಂತ ಅವಳಿಗೆ ಬಲತುದಿ. ಏಳೂ ಜನ ಅವಳ ಎಡಕ್ಕೆ.

“ಮೂಲೆ ಹಿಡೀಲಿಲ್ಲ ಕಣ್ರೀ ಅವಳು,” ಎಂದರು ರಘುರಾಮ್. “ಎಲ್ಲರನ್ನೂ ಕೇಳಿಸ್ಕೊಳೋ ಜಾಗಕ್ಕೆ ಹೋದ್ಲು.”

ಆಮೇಲೆ ಗುಟ್ಟಿನ ದೃಶ್ಯ. ವೇದಾಂತ್ ಆಕಾಶದಿಂದ ಇಳಿದು ಪುಟ್ಟತಾಯಿಯ ಬಲಗಿವಿಯ ಹತ್ತಿರ ಬಾಯಿ ತಂದು, ನಮ್ಮೊಳಗೊಬ್ಬ ದ್ರೋಹಿ ಇದ್ದಾನೆ ಎನ್ನುತ್ತಾನೆ. ಅವಳು ಕಲ್ಲುಕಂಬ. ಅವನು ಮಾತು ಮುಗಿಸಿ ಅವಳ ಕಣ್ಣೆದುರಿಗೆ ಬಂದ ಮೇಲೆ ಅವಳು ಅವನ ಮುಖ ನೋಡುತ್ತಾಳೆ, ತುಟಿ ನೋಡುತ್ತಾಳೆ, ಮತ್ತೆ ಕಣ್ಣು ನೋಡುತ್ತಾಳೆ. ಹತ್ತು ಮೈಲಿಯಾಚೆಯ ಸದ್ದು ಕೇಳುವವಳಿಗೆ ಒಂದು ಗೇಣು ದೂರದ್ದು ಕೇಳಿಲ್ಲ. ಅವನ ಮುಖದಿಂದಲೇ ಅವಳು ವಿಷಯ ತಿಳಿದುಕೊಳ್ಳುತ್ತಾಳೆ. ತಿಳಿದ ಕ್ಷಣ ನಮಗೆ ಕಾಣುತ್ತದೆ. ಕತ್ತಿನ ನರವೊಂದು ಎದ್ದು ನಿಲ್ಲುತ್ತದೆ, ಅಷ್ಟೇ. ಎರಡು ಸಲ ನೋಡಿದ್ದರೂ ನನಗೆ ಆ ನರ ಕಂಡಿರಲಿಲ್ಲ. ನಾನು ನಿರೀಕ್ಷಿಸಿದ್ದ ಬೆಚ್ಚುವಿಕೆ ಅಲ್ಲಿರಲಿಲ್ಲ ಎಂಬುದಷ್ಟೇ ಕಂಡಿತ್ತು. ಕನ್ನಡಿಗೆ ಸೋತಳು ಅಂದುಕೊಂಡೆನಲ್ಲ, ನನ್ನ ಕೆನ್ನೆ ಬಿಸಿಯಾಯಿತು. ಅದರ ಹಿಂದೆಯೇ ಒಂದು ಹಿಗ್ಗು ಬಂತು. ಅದನ್ನು ಯಾರಿಗೂ ತೋರಿಸದೆ ಕೂತಿರುವುದು ಈ ವಯಸ್ಸಿಗೆ ಸುಲಭವಲ್ಲ.

“ಇದನ್ನ ಕತೆ ಬರೆದೋರು ಹೇಳಿದ್ದಿರಬಹುದಾ?” ಎಂದರು ಇಂದುಧರ.

“ಹೇಳಿದ್ರೆ ಒಂದು ಮಾತಾದ್ರೂ ಇರ್ತಿತ್ತಲ್ಲ, ಇವಳಿಗೆ ಒಂದು ಕಿವಿ ಇಲ್ಲ ಅಂತ,” ಎಂದರು ರಘುರಾಮ್. “ಎಂಟು ಕಂತಿನಲ್ಲಿ ಎಲ್ಲೂ ಇಲ್ಲ. ಇದು ಅವಳೇ ಇಟ್ಟುಕೊಂಡಿದ್ದು. ಯಾರಿಗೆ ಗೊತ್ತಾಗುತ್ತೋ ಬಿಡುತ್ತೋ ಅಂತ.”

ಆ ಹೊತ್ತಿಗೆ ನನಗೆ ಇನ್ನೊಂದು ಕಂಡಿತು. ಕೈ ಎತ್ತಿದೆ.

“ಹೇಮಲತಾ ಬಗ್ಗೆ ನಾನು ಮಾತಾಡಬಹುದಲ್ಲ? ಅಂಗೈ ಬೆಂಕಿಯ ಪಾತ್ರ ಮಾಡಿದವಳು. ಅವಳ ಪರಿಚಯ ನನಗಿಲ್ಲ.”

ರಘುರಾಮ್ ಅವರು ಯೋಚಿಸಿದರು. “ಹೇಮಲತಾ ಬಗ್ಗೆ ಆಗಬಹುದು.”

“ಐದನೆಯ ಕಂತಿನಿಂದ ಅವಳು ಪುಟ್ಟತಾಯಿಯ ಹತ್ತಿರ ಮಾತಾಡುವ ಮುಂಚೆ ಪ್ರತಿ ಸಲ ಒಂದು ಸುತ್ತು ಹಾಕಿಕೊಂಡು ಬರುತ್ತಾಳೆ. ಯಾವ ಕಡೆಗೆ ಬರುತ್ತಾಳೆ, ನೋಡಿ.”

ನೋಡಿದರು. ಒಂದು ಕಡೆ ಜಗಳದ ನಡುವೆ, ಒಂದು ಕಡೆ ಬೇಲೂರಿನ ಬೀದಿಯಲ್ಲಿ ಓಡುತ್ತ, ಹೇಮಲತಾ ಹಿಂದಿನಿಂದ ದಾಟಿ ಪುಟ್ಟತಾಯಿಯ ಎಡಕ್ಕೆ ಬಂದೇ ಬಾಯಿ ತೆರೆಯುತ್ತಿದ್ದಳು. ಸೆಟ್ಟಿನ ಮೇಲೆ ಅದನ್ನು ಕಂಡುಕೊಂಡವಳು ಅವಳು. ಏನೂ ಹೇಳದೆ ತನ್ನ ಪಾತ್ರದೊಳಗೇ ಅದಕ್ಕೆ ಜಾಗ ಮಾಡಿಕೊಟ್ಟಿದ್ದಳು. ಎಂಟು ಜನ ಸೇರಿ ಆಡುವಾಗ ಇಂಥದಕ್ಕಿಂತ ದೊಡ್ಡದು ಇನ್ನೇನಿದೆ? ಅವಳ ಆರನ್ನು ನಾನು ಏಳು ಮಾಡಿದೆ. ಅದು ನನ್ನ ಕೈಯಲ್ಲಿದ್ದ ಅಂಕಣ.

“ಒಳ್ಳೇ ಹುಡ್ಗಿ,” ಎಂದಳು ರುದ್ರಮ್ಮ. “ಯಾರ ಮಗಳೋ.”

ರಘುರಾಮ್ ಅವರು ತಮ್ಮ ಆರನ್ನು ಹೊಡೆದು ಎಂಟು ಬರೆದರು. ಇಂದುಧರ ಅವರು ಮೂರನ್ನು ಹೊಡೆದು ಒಂಬತ್ತು ಬರೆದರು. ವ್ಯತ್ಯಾಸ ತೋರಿಸಿದರೆ ಹತ್ತು ಅಂದಿದ್ದಿರಿ ಎಂದು ರಘುರಾಮ್ ನೆನಪಿಸಿದರೆ, “ವ್ಯತ್ಯಾಸ ಎಲ್ಲಿ ತೋರಿಸಿದ್ರಿ ಸಾರ್? ಇಲ್ಲ ಅಂತಾನೇ ಅಲ್ವಾ ಗೊತ್ತಾಗಿದ್ದು!” ಎಂದರು. ರಘುರಾಮ್ ಅವರು ಲೆಕ್ಕ ಹಾಕಿ, “ಎಂಟೂವರೆ. ಉಳಿದಳು,” ಎಂದು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಮಂಜುಗಡ್ಡೆಯ ಹುಡುಗನಿಗಾಗಿ ನನಗೆ ಕೆಡುಕೆನಿಸಿತು. ಅವನಿಗೆ ನಾನು ಆರು ಕೊಟ್ಟಿದ್ದೆ. ಕೆಟ್ಟ ನಟನಲ್ಲ, ಮುಂದೆ ಬರುತ್ತಾನೆ.

“ಈಗ ಹೇಳಿ ಮೇಡಂ,” ಎಂದು ಇಂದುಧರ ನನ್ನ ಕಡೆ ತಿರುಗಿದರು. “ಎಲ್ಲ ಮುಗೀತಲ್ಲ. ನಿಮ್ಮ ಕೈಗೆ ಬಿಟ್ಟಿದ್ರೆ ಎಷ್ಟು ಕೊಡ್ತಿದ್ರಿ?”

ನಾನು ರಘುರಾಮ್ ಅವರನ್ನು ನೋಡಿದೆ. ಅವರ ಕೈ ತೊಡೆಯ ಮೇಲೇ ಇತ್ತು.

“ಏಳು,” ಎಂದೆ.

“ಏಳಾ! ನಿಮ್ಮ ಹುಡುಗಿಗೆ!”

“ಮೂರನೆಯ ಕಂತಿನಲ್ಲಿ ಎರಡು ಕಡೆ ಮಾತು ಗೈಡಿನ ರಾಗಕ್ಕೆ ಹೋಗಿದೆ. ಅಲ್ಲಿ ಪುಟ್ಟತಾಯಿ ಇಲ್ಲ, ಪಾರ್ಥಸಾರಥಿಯವರ ಮಗಳಿದ್ದಾಳೆ. ಮೂವತ್ತೊಂದು ವರ್ಷದಲ್ಲಿ ನಾನು ಹತ್ತಕ್ಕೆ ಏಳು ಕೊಟ್ಟದ್ದು ನಾಲ್ಕೇ ಜನಕ್ಕೆ, ಇಂದುಧರ ಅವರೇ.”

“ಸದ್ಯ, ನಿಯಮ ಇತ್ತು,” ಎಂದರು ರಘುರಾಮ್. “ನೀವು ಸೇರಿದ್ರೆ ಸರಾಸರಿ ಸರಿಯಾಗಿ ಎಂಟಕ್ಕೆ ಇಳೀತಿತ್ತು. ಹಳಿ ತುದೀಲಿ ನಿಂತ ಹಾಗೆ.”

ಅಂಕಣದ ಪಕ್ಕ ಅಭಿಪ್ರಾಯಕ್ಕೆಂದು ಎರಡು ಗೆರೆ ಜಾಗವಿತ್ತು. ಇಂದುಧರ ಅವರು ಮೊದಲು ‘ಈಕೆ ನಟಿಸಿಲ್ಲ’ ಎಂದು ಬರೆದಿದ್ದರು. ಈಗಲೂ ಅದನ್ನೇ ಬಿಡುತ್ತೇನೆ, ಆಗ ಬಯ್ದು ಬರೆದಿದ್ದೆ, ಈಗ ಹೊಗಳಿ ಬರೆದದ್ದು ಅಂದುಕೊಳ್ಳಲಿ ಎಂದು ವಾದಿಸಿದರು. ಓದುವವರಿಗೆ ಅದು ಹೇಗೆ ಗೊತ್ತಾಗಬೇಕು ಎಂದು ರಘುರಾಮ್ ಒಪ್ಪಲಿಲ್ಲ. ಕೊನೆಗೆ ಇಂದುಧರ ಅವರು ಕೆಳತುಟಿ ಕಚ್ಚಿಕೊಂಡು, ಶಾಲೆಯ ಹುಡುಗನ ಹಾಗೆ ಅಕ್ಷರ ಅಕ್ಷರ ಕೂಡಿಸಿ ಬರೆದು, ರುದ್ರಮ್ಮನ ಎಡಕ್ಕೆ ಹೋಗಿ ನಿಂತು ಓದಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“‘ನಮ್ಮ ಮಂಡಿಯ ರುದ್ರಮ್ಮನವರಿಗೆ ಬಲಗಿವಿ ಕೇಳುವುದಿಲ್ಲ. ಮೂವತ್ತು ವರ್ಷದಿಂದ ನನಗೆ ಗೊತ್ತಿರಲಿಲ್ಲ. ಈ ನಟಿಯಿಂದ ಗೊತ್ತಾಯಿತು. ಒಂಬತ್ತು ಅಂಕ.’”

ರುದ್ರಮ್ಮನವರಿಗೆ ಎಂದು ಅವರು ಬರೆದದ್ದು ಅವಳ ಕಿವಿಗೆ ಬಿತ್ತು. ತಲೆ ತಗ್ಗಿಸಿ ಮಡಿಲ ಕಾಯಿಗಳನ್ನು ಸುಮ್ಮನೆ ಎಣಿಸಿಕೊಂಡಳು. ಆಮೇಲೆ ತಲೆಯೆತ್ತಿ, “ಒಂಬತ್ತೇಯಾ? ಇನ್ನೊಂದ್ ಎಲ್ಲೋಯ್ತು?” ಎಂದು ಕೇಳಿದಳು.

“ಈಗ ಗಮನಕ್ಕೆ ಬಂತು, ಮಚ್ಚು ಹಿಡಿಯಕ್ಕೆ ಬರಲ್ಲ ಕಣಮ್ಮ ಅವಳಿಗೆ. ಕಾಯಿ ಒಡೆಯೋವಾಗ ಮಚ್ಚು ಆ ಕಡೆ, ಕೈ ಈ ಕಡೆ. ಒಂದೇಟೂ ಸರಿಯಾಗಿ ಬಿದ್ದಿಲ್ಲ. ಅದಕ್ಕೆ ಒಂದು ಹಿಡಿದೆ.”

“ಅದು ಅವ್ಳ ತಪ್ಪಲ್ಲ ಬುಡಿ. ನಾನೇ ಕಲಿಸ್ನಿಲ್ಲ.” ರುದ್ರಮ್ಮ ತನ್ನ ಎಡಗೈ ಮುಂದೆ ಹಿಡಿದಳು. ತೋರುಬೆರಳಿನ ತುದಿ ಇರಲಿಲ್ಲ. “ಅವ್ಳು ಕಲಿಸು ಕಲಿಸು ಅಂತ ದಿನಾ ಕಾಡ್ಸಾಳು. ಮಚ್ಚಿನ ಕಡೆ ಕೈ ತರ್ಬ್ಯಾಡ, ದೂರದಿಂದ ಒಡ್ದಂಗೆ ಮಾಡು, ಒಡೀಬ್ಯಾಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಓದಿ ಬರ್ಯೋ ಮಗು, ಬೆರಳ್ ಕುಯ್ಕೊಂಡ್ರೆ ಅವ್ರಪ್ಪಂಗೆ ಯಾರ್ ಜವಾಬು ಯೋಳೋರು? ಆಣೆ ಮುರೀದಂಗೆ ನಡ್ಕೊಂಡವ್ಳೆ. ಅದುಕ್ಕೂ ಅಂಕ ಹಿಡೀತೀರಾ?”

ಇಂದುಧರ ಅವರು ಆ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂಬತ್ತನ್ನು ಹೊಡೆದು ಹಾಕಿದರು.

“ಎರಡು ಸಲ ತಿದ್ದಿದ್ರೆ ಪಕ್ಕದಲ್ಲಿ ಸಹಿ ಬೇಕು ಕಣ್ರೀ,” ಎಂದರು ರಘುರಾಮ್.

“ಹಾಕ್ತೀನಿ ಸಾರ್, ಹಾಕ್ತೀನಿ,” ಎಂದು ಇಂದುಧರ ಅವರು ಹತ್ತು ಎಂದು ದೊಡ್ಡದಾಗಿ ಬರೆದು, ಅದಕ್ಕೂ ದೊಡ್ಡದಾಗಿ ಸಹಿ ಹಾಕಿದರು.